ಫ್ಯಾರನ್‌ಹೀಟ್ 9/11 ಮತ್ತೆ ನೋಡಿದೆ. ನಕ್ಕಿದ್ದು ನಾವಾ, ಅವರಾ?

ಹಳೇ_ಡಿವಿಡಿ

ಯುಗಾದಿಗೆ ಅಟ್ಟ ಕ್ಲೀನ್ ಮಾಡುವಾಗ ಹಳೇ ಸಿಡಿಗಳ ಚೀಲ ಸಿಕ್ಕಿತು. ಅದರಲ್ಲಿ 2004ರಲ್ಲಿ ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಕೊಂಡಿದ್ದ ‘ಫ್ಯಾರನ್‌ಹೀಟ್ 9/11’ ಇತ್ತು, ಅಮೆರಿಕದ ಅಧ್ಯಕ್ಷ ಬುಶ್‌ನನ್ನೂ ಇರಾಕ್ ಯುದ್ಧವನ್ನೂ ಟೀಕಿಸಿ ಮೈಕಲ್ ಮೂರ್ ಮಾಡಿದ ಸಾಕ್ಷ್ಯಚಿತ್ರ. ಅಮೆರಿಕದ ಯಾವುದೋ ಥಿಯೇಟರ್‌ನಲ್ಲಿ ಕ್ಯಾಮೆರಾ ಬಚ್ಚಿಟ್ಟು ಕದ್ದು ತೆಗೆದ ಪ್ರಿಂಟು. ನಡುವೆ ಯಾರದೋ ತಲೆ ಅಡ್ಡ ಬರುತ್ತೆ. ಅಲ್ಲಿನ ಜನರ ನಗು, ಕೆಮ್ಮು, ಚಪ್ಪಾಳೆ ಎಲ್ಲಾ ಸೇರಿಕೊಂಡಿದೆ.

ಮಗಳ ಜೊತೆ ಕೂತು ನೋಡಿದೆ. ಅವಳು ಜರ್ನಲಿಸಂ ಎರಡನೇ ವರ್ಷ. ಸಿನಿಮಾ ಬಂದಾಗ ಹುಟ್ಟೇ ಇರಲಿಲ್ಲ. ಶುರುವಲ್ಲಿ ಜೋರಾಗಿ ನಕ್ಕಳು. ಬುಶ್ ಸರ್ಕಾರದ ರಕ್ಷಣಾ ಇಲಾಖೆಯ ಎರಡನೇ ಯಜಮಾನ ವುಲ್ಫೋವಿಟ್ಸ್ ಟೀವಿ ಕ್ಯಾಮೆರಾ ಮುಂದೆ ಬಾಚಣಿಗೆಯನ್ನು ಬಾಯಿಗೆ ಹಾಕಿ, ಎಂಜಲಿನಲ್ಲೇ ತಲೆ ಬಾಚಿಕೊಳ್ಳುತ್ತಾನಲ್ಲ, ಅಲ್ಲಂತೂ ಬಿದ್ದು ಬಿದ್ದು ನಕ್ಕಳು. ಸ್ವಲ್ಪ ಹೊತ್ತಾದ ಮೇಲೆ ರಿಮೋಟ್ ತಗೊಂಡು ನಿಲ್ಲಿಸಿ, ‘ಅಪ್ಪ, ನಾನು ನಕ್ಕಿದ್ದು ಸಿನಿಮಾ ನೋಡಿನಾ, ಇಲ್ಲಾ ಅಲ್ಲಿ ನಗ್ತಿರೋರ ಜೊತೆ ಸೇರಿಕೊಂಡಾ?’ ಅಂದಳು.

ಆಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಆ ಕಾಲಕ್ಕೆ ನಮಗೆಲ್ಲ ಇದು ದೊಡ್ಡ ಸತ್ಯ ಹೇಳಿದ ಸಿನಿಮಾ. ಯುದ್ಧಕ್ಕೆ ಕಾರಣ ಅಂತ ಬುಶ್ ಸರ್ಕಾರ ಹೇಳಿದ ಸಾಮೂಹಿಕ ನಾಶದ ಅಸ್ತ್ರಗಳು ಇರಾಕ್‌ನಲ್ಲಿ ಸಿಗಲೇ ಇಲ್ಲ. ಮುಖ್ಯ ಮಾತಿನಲ್ಲಿ ಮೂರ್ ಸರಿಯಾಗಿಯೇ ಇದ್ದ. ಆದರೂ ಈಗ ನೋಡುವಾಗ ಯಾರೋ ಕತ್ತು ಹಿಡಿದು ‘ಇಲ್ಲಿ ನೋಡು, ಅಲ್ಲಿ ನೋಡಬೇಡ’ ಅಂದ ಹಾಗೆ ಆಗುತ್ತೆ. ನಾವು ಒಪ್ಪುವ ಮಾತನ್ನೇ ಯಾರಾದರೂ ಕೈಚಳಕದಿಂದ ಹೇಳಿದರೆ ಸುಮ್ನೆ ಇರಬೇಕಾ? ಆಗ ಥಿಯೇಟರ್‌ನಲ್ಲೇ ನೋಡಿದವರು ಯಾರಾದರೂ ಇದ್ದೀರಾ?

ಮಿಶಿಗನ್_ಮೈಸೂರು

ನಾನಿದ್ದೀನಿ. 2004ರ ಜೂನ್ 25, ಶುಕ್ರವಾರ ಸಂಜೆ. ಡೆಟ್ರಾಯಿಟ್ ಹೊರಗಿನ ಥಿಯೇಟರ್. ಮೂರ್ ಊರು ಫ್ಲಿಂಟ್ ಅಲ್ಲಿಂದ ಕಾರಲ್ಲಿ ಒಂದು ಗಂಟೆ, ಹಾಗಾಗಿ ‘ನಮ್ಮ ಹುಡುಗ’ ಅನ್ನೋ ಅಭಿಮಾನ ಜಾಸ್ತಿ. ಟಿಕೆಟ್ ಸಿಗದೆ ಎರಡನೇ ಶೋಗೆ ಕಾದೆವು.

ಬುಶ್ ಮುಖ ಬಂದಾಗೆಲ್ಲ ಹೋ ಅಂತ ಕೂಗು. ಆದರೆ 2001ರ ಸೆಪ್ಟೆಂಬರ್ 11ರ ವಿಮಾನ ದಾಳಿ ಬಂದಾಗ ಪರದೆ ಪೂರ್ತಿ ಕಪ್ಪು. ಬರೀ ಸದ್ದು. ಅಲ್ಲಿ ಇಡೀ ಹಾಲ್ ಉಸಿರು ಬಿಗಿಹಿಡಿದಿತ್ತು. ಕೊನೆಯಲ್ಲಿ ಇರಾಕ್‌ನಲ್ಲಿ ಮಗನನ್ನು ಕಳೆದುಕೊಂಡ ಫ್ಲಿಂಟ್‌ನ ತಾಯಿ ಶ್ವೇತಭವನದ ಹೊರಗೆ ನಿಂತು ಬಗ್ಗಿ ಅಳುತ್ತಾಳೆ. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು. ಪಕ್ಕದಲ್ಲಿದ್ದ ಗಂಡಸು ತನ್ನ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಯಾಕೋ ಅದು ಇವತ್ತಿಗೂ ಕಣ್ಣ ಮುಂದಿದೆ.

ಸಿನಿಮಾ ಮುಗಿದಾಗ ಎಲ್ಲಾ ಎದ್ದು ನಿಂತು ಚಪ್ಪಾಳೆ. ನಾವು ಮೂರು ಜನ ಇಂಡಿಯನ್ಸ್ ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದೆವು. ವೀಸಾ ಮೇಲೆ ಇದ್ದವರಿಗೆ ಚಪ್ಪಾಳೆ ತಟ್ಟೋಕೂ ಹೆದರಿಕೆ. ಹೊರಗೆ ಕಾರ್ ನಿಲ್ಲಿಸೋ ಜಾಗದಲ್ಲಿ ಸಿನಿಮಾ ವಿರೋಧಿಸಿ ಒಬ್ಬ ಬೋರ್ಡ್ ಹಿಡಿದು ನಿಂತಿದ್ದ. ಅವನಿಗೂ ನಕ್ಕು ತಲೆ ಆಡಿಸಿ ಬಂದೆವು!

ಬೋಂಡ_ಸೂಪು

ಇದಕ್ಕೆ ಆಸ್ಕರ್ ಕೂಡ ಬಂತಲ್ವಾ?

ಕತ್ತರಿ_ಕೆಲಸ

ಇಲ್ಲ ಗುರು. ಆಸ್ಕರ್ ಬಂದಿದ್ದು ಅವರ ಹಿಂದಿನ ಸಿನಿಮಾ ‘ಬೌಲಿಂಗ್ ಫಾರ್ ಕೊಲಂಬೈನ್’ಗೆ, 2003ರಲ್ಲಿ. ಇರಾಕ್ ಯುದ್ಧ ಶುರುವಾಗಿ ಮೂರ್ನಾಲ್ಕು ದಿನ ಆಗಿತ್ತು. ವೇದಿಕೆ ಮೇಲೇ ಬುಶ್‌ಗೆ ಬೈದು, ಅರ್ಧ ಚಪ್ಪಾಳೆ ಅರ್ಧ ಛೀಮಾರಿ ತಿಂದರು.

ಫ್ಯಾರನ್‌ಹೀಟ್‌ಗೆ ಸಿಕ್ಕಿದ್ದು ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಾಮ್ ದೋರ್, 2004ರ ಮೇ. 1956ರಲ್ಲಿ ಕೂಸ್ಟೋ ಅವರ ಸಮುದ್ರದ ಚಿತ್ರಕ್ಕೆ ಬಂದಮೇಲೆ ಸಾಕ್ಷ್ಯಚಿತ್ರಕ್ಕೆ ಅದು ಬಂದಿದ್ದು ಇದಕ್ಕೇ. ತೀರ್ಪುಗಾರರ ಮುಖ್ಯಸ್ಥ ಕ್ವೆಂಟಿನ್ ಟ್ಯಾರಂಟಿನೊ. ರಾಜಕೀಯ ನೋಡಿ ಕೊಟ್ಟಿದ್ದಲ್ಲ, ಸಿನಿಮಾ ನೋಡಿ ಕೊಟ್ಟಿದ್ದು ಅಂತ ಅವರು ಹೇಳಿದರು. ನಂಬಿದವರು ಕಮ್ಮಿ.

ಆಸ್ಕರ್‌ನ ಸಾಕ್ಷ್ಯಚಿತ್ರ ವಿಭಾಗಕ್ಕೆ ಮೂರ್ ಕಳಿಸಲೇ ಇಲ್ಲ. 2004ರ ನವೆಂಬರ್‌ನ ಅಧ್ಯಕ್ಷ ಎಲೆಕ್ಷನ್‌ಗೆ ಮುಂಚೆ ಟೀವಿಯಲ್ಲಿ ತೋರಿಸಬೇಕು ಅಂತ ಹಟ. ಟೀವಿಯಲ್ಲಿ ಬಂದರೆ ಆ ವಿಭಾಗದ ನಿಯಮಕ್ಕೆ ಹೊಂದಲ್ಲ. ಆಮೇಲೆ ಟೀವಿಯಲ್ಲೂ ಬರಲಿಲ್ಲ. ಎರಡೂ ಹೋಯಿತು.

ಮೆಣಸಿನಕಾಯಿ_ಬಜ್ಜಿ

ಅಲ್ರೀ, ಇದರಲ್ಲಿ ಚರ್ಚೆ ಮಾಡೋದು ಏನಿದೆ? ಎಲೆಕ್ಷನ್‌ಗೆ ನಾಲ್ಕು ತಿಂಗಳು ಮುಂಚೆ, ಒಬ್ಬನನ್ನ ಸೋಲಿಸಬೇಕು ಅಂತಲೇ ಮಾಡಿದ ಸಿನಿಮಾ. ಮೂರ್ ಅದನ್ನ ಮುಚ್ಚಿಡಲೂ ಇಲ್ಲ. ಎರಡು ಗಂಟೆ ಪ್ರಚಾರ. ದುಡ್ಡು ಕೊಟ್ಟು ನೋಡೋ ಪ್ರಚಾರ ಅನ್ನೋದೊಂದೇ ಹೊಸತು.

ಮಿಶಿಗನ್_ಮೈಸೂರು

ದುಡ್ಡು ಕೊಟ್ಟರು ಅನ್ನೋದೇ ದೊಡ್ಡ ವಿಷಯ ಅಲ್ವಾ ಸಾರ್? 60 ಲಕ್ಷ ಡಾಲರ್ ಸಿನಿಮಾ. ಡಿಸ್ನಿ ಕಂಪನಿ ತನ್ನದೇ ಅಂಗಸಂಸ್ಥೆ ಮಿರಾಮ್ಯಾಕ್ಸ್‌ಗೆ ಬಿಡುಗಡೆ ಮಾಡಬೇಡಿ ಅಂತು. ಮಿರಾಮ್ಯಾಕ್ಸ್ ನಡೆಸ್ತಿದ್ದ ವೈನ್‌ಸ್ಟೀನ್ ಸಹೋದರರು ತಾವೇ ಕೊಂಡು ಬೇರೆಯವರ ಮೂಲಕ ಬಿಟ್ಟರು. 868 ಥಿಯೇಟರ್, ಮೊದಲ ಮೂರು ದಿನದಲ್ಲೇ ಸುಮಾರು 2.4 ಕೋಟಿ ಡಾಲರ್. ಆ ವಾರ ಅಮೆರಿಕದಲ್ಲಿ ನಂಬರ್ ಒನ್. ಕೊನೆಗೆ ಅಮೆರಿಕವೊಂದರಲ್ಲೇ ಸುಮಾರು 11.9 ಕೋಟಿ. ಸಾಕ್ಷ್ಯಚಿತ್ರ ಅಂದರೆ ಖಾಲಿ ಕುರ್ಚಿ ಅಂದುಕೊಂಡಿದ್ದ ಕಾಲದಲ್ಲಿ!



ಮೆಣಸಿನಕಾಯಿ_ಬಜ್ಜಿ

ಕಲೆಕ್ಷನ್ ಜಾಸ್ತಿ ಆದರೆ ಸತ್ಯ ಜಾಸ್ತಿ ಆಗುತ್ತೇನ್ರೀ? ಹಾಗಾದರೆ ನಮ್ಮ ಗಾಂಧಿನಗರದಲ್ಲಿ ಹರಿಶ್ಚಂದ್ರರು ತುಂಬಿ ತುಳುಕಬೇಕಿತ್ತು.

ಬೋಂಡ_ಸೂಪು

ಇದಕ್ಕೆ ನನ್ನ ಲೈಕ್.

ಕತ್ತರಿ_ಕೆಲಸ

ನಾನು ಟೀವಿ ಚಾನೆಲ್‌ನಲ್ಲಿ ಹದಿನಾಲ್ಕು ವರ್ಷ ಎಡಿಟಿಂಗ್ ಮಾಡಿದವನು. ಮೂರ್ ಕೈಚಳಕ ಎಲ್ಲಿದೆ ಅಂತ ಎರಡು ಉದಾಹರಣೆ ಕೊಡ್ತೀನಿ. ಸುಳ್ಳು ಹೇಳಲ್ಲ ಆಸಾಮಿ, ಜೋಡಿಸ್ತಾನೆ.

ಒಂದು, ಬುಶ್ ಕೋಟು ಬಿಳಿ ಟೈ ಹಾಕಿಕೊಂಡು ಶ್ರೀಮಂತರ ಸಭೆಯಲ್ಲಿ ‘ಉಳ್ಳವರು, ಇನ್ನೂ ಜಾಸ್ತಿ ಉಳ್ಳವರು, ನೀವೇ ನನ್ನ ಆಧಾರ’ ಅನ್ನೋ ಅರ್ಥದ ಮಾತು ಹೇಳ್ತಾರಲ್ಲ. ನೋಡಿದವರಿಗೆ ಮೈ ಉರಿಯುತ್ತೆ. ಆದರೆ ಅದು 2000ದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಅಲ್ ಸ್ಮಿತ್ ಧರ್ಮಾರ್ಥ ಊಟ. ಅಲ್ಲಿ ಅಭ್ಯರ್ಥಿಗಳು ತಮ್ಮನ್ನ ತಾವೇ ಗೇಲಿ ಮಾಡಿಕೊಳ್ಳೋದು ಪದ್ಧತಿ. ಎದುರಾಳಿ ಅಲ್ ಗೋರ್ ಕೂಡ ಅಲ್ಲೇ ಇದ್ದು, ಅವರೂ ತಮಾಷೆ ಮಾಡಿದ್ದರು. ಅದನ್ನ ಹೇಳಲೇ ಇಲ್ಲ.

ಎರಡು, ಗಾಲ್ಫ್. ಭಯೋತ್ಪಾದಕರನ್ನ ಎಲ್ಲಾ ದೇಶಗಳೂ ತಡೆಯಬೇಕು ಅಂತ ಗಂಭೀರವಾಗಿ ಹೇಳಿ, ಮರುಕ್ಷಣ ‘ಈಗ ಈ ಹೊಡೆತ ನೋಡಿ’ ಅಂತ ಚೆಂಡು ಬಾರಿಸ್ತಾರೆ. ಆ ಮಾತು ಆಡಿದ್ದು 2002ರ ಆಗಸ್ಟ್‌ನಲ್ಲಿ, ಇಸ್ರೇಲ್‌ನಲ್ಲಿ ಬಾಂಬ್ ದಾಳಿ ಆದಮೇಲೆ. ಸಿನಿಮಾ ಅದನ್ನ ಹೇಳಲ್ಲ, ಅಲ್ ಕೈದಾ ಬಗ್ಗೆ ಅಂತ ನಾವೇ ಅಂದುಕೊಳ್ತೀವಿ. ಹಾಗಂತ ಬುಶ್ ಆ ಮಾತು ಹೇಳಿದ್ದು ನಿಜ, ಬಾರಿಸಿದ್ದೂ ನಿಜ. ನಾನಾಗಿದ್ದರೆ ಆ ಶಾಟ್ ಬಿಡ್ತಿದ್ದೆನಾ? ಬಿಡ್ತಿರಲಿಲ್ಲ. ಕೆಳಗೆ ಒಂದು ಸಾಲು ಬರೆಸ್ತಿದ್ದೆ, ಅಷ್ಟೇ.

ಪುಟ_ಕಟ್ಟುವವ

ಕತ್ತರಿ ಅಣ್ಣ, ‘ಸುಳ್ಳು ಹೇಳಲ್ಲ, ಜೋಡಿಸ್ತಾನೆ’ ಅಂದಿರಿ. ಒಂದು ಕಡೆ ಅದಕ್ಕಿಂತ ಮುಂದೆ ಹೋಗಿದ್ದಾರೆ. ಪತ್ರಿಕೆಯಲ್ಲಿ ಪುಟ ಕಟ್ಟೋ ಕೆಲಸದವನು ನಾನು, ಅದಕ್ಕೇ ಇದು ನನಗೆ ಜಾಸ್ತಿ ಚುಚ್ಚಿತು.

ಬುಶ್ ಗೋರ್‌ನನ್ನ ಸೋಲಿಸಿದ 2000ದ ಅಧ್ಯಕ್ಷ ಎಲೆಕ್ಷನ್‌ನ ಫ್ಲಾರಿಡಾ ಮತ ಎಣಿಕೆ ಗಲಾಟೆ ತೋರಿಸುವಾಗ ಪತ್ರಿಕೆಗಳ ತಲೆಬರಹ ಒಂದರ ಹಿಂದೆ ಒಂದು ಬರುತ್ತವೆ. ಅದರಲ್ಲಿ ಇಲಿನಾಯ್‌ನ ಬ್ಲೂಮಿಂಗ್ಟನ್ ಊರಿನ ‘ಪ್ಯಾಂಟಾಗ್ರಾಫ್’ ಪತ್ರಿಕೆಯದ್ದೂ ಒಂದು. ಮರು ಎಣಿಕೆಯಲ್ಲಿ ಗೋರ್ ಗೆದ್ದರು ಅಂತ ದೊಡ್ಡ ಅಕ್ಷರದಲ್ಲಿ. ನೋಡಿದವರಿಗೆ ಸುದ್ದಿ ಅಂತಲೇ ಅನಿಸುತ್ತೆ. ಆದರೆ ಆ ಪತ್ರಿಕೆ ಅಂಥ ಸುದ್ದಿ ಮಾಡಿರಲೇ ಇಲ್ಲ. ಅದು ವಾಚಕರ ಪತ್ರವೊಂದರ ಮೇಲಿದ್ದ ಸಣ್ಣ ತಲೆಬರಹ, 2001ರ ಡಿಸೆಂಬರ್ 5ರದ್ದು. ಸಿನಿಮಾದಲ್ಲಿ ಅಕ್ಷರ ದೊಡ್ಡದಾಯಿತು, ತಾರೀಖು ಡಿಸೆಂಬರ್ 19 ಆಯಿತು.

ಪತ್ರಿಕೆಯವರು ಕ್ಷಮೆ ಕೇಳಿ ಅಂದರು. ಜೊತೆಗೆ ಪರಿಹಾರ ಒಂದು ಡಾಲರ್! ನಮ್ಮಲ್ಲಾಗಿದ್ದರೆ ನೂರು ಕೋಟಿ ಮಾನನಷ್ಟ ಅಂತ ನೋಟಿಸ್ ಬರ್ತಿತ್ತು.

ವಾಚಕರ ಪತ್ರವನ್ನ ಸುದ್ದಿ ಪುಟದಲ್ಲಿ ಹಾಕಿದರೆ ನಮ್ಮ ಡೆಸ್ಕ್‌ನಲ್ಲಿ ಸಂಜೆಯೊಳಗೆ ಮನೆಗೆ ಕಳಿಸ್ತಾರೆ. ಇವರಿಗೆ ಕಾನ್‌ನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕತ್ತರಿ_ಕೆಲಸ

ಇದು ನನಗೆ ಗೊತ್ತಿರಲಿಲ್ಲ. ತಪ್ಪೇ. ನನ್ನ ಮಾತು ವಾಪಸ್.

ಮೆಣಸಿನಕಾಯಿ_ಬಜ್ಜಿ

ಅಬ್ಬಾ, ಇಂಟರ್‌ನೆಟ್‌ನಲ್ಲಿ ಒಬ್ಬ ಮಾತು ವಾಪಸ್ ತಗೊಂಡ. ಇವತ್ತು ಹುಬ್ಬಳ್ಳಿಯಲ್ಲಿ ಮಳೆ ಗ್ಯಾರಂಟಿ.

ಮೇಷ್ಟ್ರು_ತಿಪಟೂರು

ಯಾರೂ ಆ ಏಳು ನಿಮಿಷದ ಬಗ್ಗೆ ಮಾತಾಡಲೇ ಇಲ್ಲವಲ್ಲ. ನನ್ನ ಪ್ರಕಾರ ಇಡೀ ಸಿನಿಮಾ ಅಲ್ಲಿದೆ.

ಸೆಪ್ಟೆಂಬರ್ 11ರ ದಾಳಿಯ ಬೆಳಿಗ್ಗೆ, ಫ್ಲಾರಿಡಾದ ಸರಸೋಟ, ಎಮ್ಮಾ ಬೂಕರ್ ಪ್ರಾಥಮಿಕ ಶಾಲೆ. ಎರಡನೇ ತರಗತಿ ಮಕ್ಕಳು ಪಾಠ ಓದುತ್ತಿದ್ದಾರೆ. ಅಧಿಕಾರಿಯೊಬ್ಬರು ಬಗ್ಗಿ ಬುಶ್ ಕಿವಿಯಲ್ಲಿ ಹೇಳುತ್ತಾರೆ, ಎರಡನೇ ಕಟ್ಟಡಕ್ಕೂ ವಿಮಾನ ಬಡಿಯಿತು ಅಂತ. ಬುಶ್ ಏಳಲ್ಲ. ಕೂತೇ ಇರುತ್ತಾರೆ. ಮಡಿಲಲ್ಲಿ ಪುಸ್ತಕ, ಮಕ್ಕಳ ರಾಗ, ಆ ಕಣ್ಣು. ಮೂರ್ ಅದಕ್ಕೆ ತನ್ನ ಮಾತು ಸೇರಿಸಿ ಮೊಟಕು ಮಾಡಿದ್ದಾರೆ, ಆದರೆ ಆ ಚಿತ್ರ ನಿಜದ್ದೇ. ಶಾಲೆಯಲ್ಲಿ ಯಾರೋ ತೆಗೆದ ವಿಡಿಯೊ. ದೊಡ್ಡ ಚಾನೆಲ್‌ಗಳು ಅದನ್ನ ಅಷ್ಟುದ್ದ ತೋರಿಸಿರಲಿಲ್ಲ. ಮೂರ್ ತೋರಿಸಿದರು.

ಆಮೇಲೆ 2004ರ ಜುಲೈನಲ್ಲಿ ಬಂದ, ದಾಳಿಯ ತನಿಖೆ ಮಾಡಿದ 9/11 ಆಯೋಗದ ವರದಿ ಕೂಡ ಐದರಿಂದ ಏಳು ನಿಮಿಷ ಅಂತಲೇ ಹೇಳಿತು. ಸಂಕಟದ ಹೊತ್ತಲ್ಲಿ ಗಾಬರಿ ತೋರಿಸಬಾರದು ಅಂತ ಕೂತೆ ಅನ್ನೋದು ಬುಶ್ ಕೊಟ್ಟ ಕಾರಣ.

ನನಗೆ ಒಬ್ಬ ಮೇಷ್ಟ್ರಾಗಿ ಆ ಕಾರಣ ಅಷ್ಟೇನೂ ಸುಳ್ಳು ಅನಿಸಲ್ಲ. ಒಮ್ಮೆ ಕ್ಲಾಸ್ ನಡೆಯುವಾಗ ನಮ್ಮ ಶಾಲೆಯ ಅಡುಗೆಮನೆಯಲ್ಲಿ ಬೆಂಕಿ ಕಾಣಿಸಿತು. ಜವಾನ ಬಂದು ಕಿವಿಯಲ್ಲಿ ಹೇಳಿದ. ಮಕ್ಕಳು ಮಗ್ಗಿ ಹೇಳುತ್ತಿದ್ದರು. ನಾನು ಹದಿನೇಳರ ಮಗ್ಗಿ ಮುಗಿಯೋ ತನಕ ಹಾಗೇ ನಿಂತಿದ್ದೆ. ಧೈರ್ಯಕ್ಕಲ್ಲ. ಕಾಲು ಏಳಲಿಲ್ಲ. ಆಮೇಲೆ ಎಲ್ಲರಿಗೂ ‘ಮಕ್ಕಳು ಹೆದರಬಾರದು ಅಂತ’ ಅಂದೆ.

ಕೊನೆಗೊಂದು ತಿದ್ದುಪಡಿ, ಅಭ್ಯಾಸ ಬಲ: ಸಿನಿಮಾದಲ್ಲಿ ಆ ಪಾಠದ ಹೆಸರು ‘ಮೈ ಪೆಟ್ ಗೋಟ್’ ಅಂತಾರೆ. ಪುಸ್ತಕದಲ್ಲಿ ಇರೋದು ‘ದಿ ಪೆಟ್ ಗೋಟ್’.

ಹಳೇ_ಡಿವಿಡಿ

ಮೇಷ್ಟ್ರೇ, ಹದಿನೇಳರ ಮಗ್ಗಿ! ನಮಸ್ಕಾರ ನಿಮಗೆ. ನನ್ನ ಪ್ರಿಂಟಿನಲ್ಲಿ ಆ ಏಳು ನಿಮಿಷದ ಜಾಗದಲ್ಲಿ ನಗು ಇಲ್ಲ. ಬರೀ ಒಂದು ಕೆಮ್ಮು.

ರಾತ್ರಿಪಾಳಿ

2004ರಲ್ಲಿ ನಾನು ಹೊಸೂರು ರಸ್ತೆಯ ಕಾಲ್ ಸೆಂಟರ್‌ನಲ್ಲಿದ್ದೆ. ಅಮೆರಿಕದವರ ಕ್ರೆಡಿಟ್ ಕಾರ್ಡ್ ದೂರು ಕೇಳೋದು. ಈ ಸಿನಿಮಾದ ಡಿವಿಡಿ ನಮ್ಮ ಫ್ಲೋರ್‌ನಲ್ಲಿ ಕೈಯಿಂದ ಕೈಗೆ ಓಡಾಡಿತು. ಎಲ್ಲರೂ ಬುಶ್‌ಗೆ ಬೈಯೋರೇ.

ಆದರೆ ಆ ಎಲೆಕ್ಷನ್‌ನಲ್ಲಿ ಬುಶ್ ಎದುರಾಳಿ ಜಾನ್ ಕೆರಿ ಭಾಷಣಗಳಲ್ಲಿ, ಕೆಲಸ ಹೊರದೇಶಕ್ಕೆ ಕಳಿಸೋ ಕಂಪನಿ ಮುಖ್ಯಸ್ಥರನ್ನ ದೇಶದ್ರೋಹಿಗಳಿಗೆ ಹೋಲಿಸುತ್ತಿದ್ದರು. ಹೊರದೇಶ ಅಂದರೆ ನಾವೇ! ನವೆಂಬರ್ 3ರ ಬೆಳಿಗ್ಗೆ ಶಿಫ್ಟ್ ಮುಗಿದರೂ ಯಾರೂ ಕ್ಯಾಬ್ ಹತ್ತಲಿಲ್ಲ. ಕ್ಯಾಂಟೀನ್ ಟೀವಿ ಮುಂದೆ ಇಡ್ಲಿ ಹಿಡಿದು ಕೂತು, ಎಲೆಕ್ಷನ್ ತೀರ್ಮಾನಿಸೋ ಒಹಾಯೊ ರಾಜ್ಯದಲ್ಲಿ ಏನಾಗುತ್ತೆ ಅಂತ ಕಾದೆವು. ಬುಶ್ ಮುಂದೆ ಹೋದಾಗ ಮೊದಲು ಚಪ್ಪಾಳೆ ತಟ್ಟಿದ್ದು ಆ ಡಿವಿಡಿ ತಂದಿದ್ದ ಹುಡುಗನೇ. ಮನೆ ಸಾಲ ತಗೊಂಡಿದ್ದ ಪಾಪ.

ಸಿನಿಮಾ ಜನರ ಮನಸ್ಸು ಬದಲಾಯಿಸುತ್ತಾ ಅಂತ ಕೇಳೋರು ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಮೆಣಸಿನಕಾಯಿ_ಬಜ್ಜಿ

ಇಡೀ ಚರ್ಚೆಯಲ್ಲಿ ಇದೊಂದು ಪ್ರಾಮಾಣಿಕ ಮಾತು.

ಬೆಳಗಾವಿ_ಕುಂದಾ

ನನಗೆ ನಾಟಿದ್ದು ಫ್ಲಿಂಟ್ ಮಾಲ್ ದೃಶ್ಯ. ಸೈನ್ಯಕ್ಕೆ ಹುಡುಗರನ್ನ ಸೇರಿಸೋ ಇಬ್ಬರು ಮರೀನ್‌ಗಳು ಊರಾಚೆಯ ಶ್ರೀಮಂತರ ಮಾಲ್ ಬಿಟ್ಟು, ಬಡವರು ಹೋಗೋ ಮಾಲ್‌ಗೆ ಬರ್ತಾರೆ. ಹುಡುಗರ ಜೊತೆ ಬಾಸ್ಕೆಟ್‌ಬಾಲ್, ಹಾಡು ಅಂತ ಮಾತು ತೆಗೆದು ಫೋನ್ ನಂಬರ್ ಬರೆದುಕೊಳ್ತಾರೆ. ನಮ್ಮ ಕಡೆ ಭರ್ತಿ ರ‍್ಯಾಲಿ ದಿನ ಬೆಳಗಿನ ಜಾವ ಎಷ್ಟು ಹುಡುಗರು ಬರಿಗಾಲಲ್ಲಿ ಓಡ್ತಾರೆ ನೋಡಿ. ಊರಿನ ಸಾಹುಕಾರರ ಮಗ ಒಬ್ಬನೂ ಅಲ್ಲಿರಲ್ಲ.

ಕೊಡಗು_ಕಾಫಿ

ಹಾಗೆ ಎಲ್ಲಾ ಕಡೆ ಒಂದೇ ಅಳತೆ ಹಿಡಿಯಬೇಡಿ. ನಮ್ಮ ಮನೆಯಲ್ಲಿ ತಾತ, ಅಪ್ಪ, ಚಿಕ್ಕಪ್ಪ ಮೂರೂ ಜನ ಸೈನ್ಯ. ತೋಟ ಇತ್ತು, ಹೊಟ್ಟೆಗೆ ಕೊರತೆ ಇರಲಿಲ್ಲ. ಹಟ ಹಿಡಿದು ಹೋದವರು. ಮೂರ್ ಸಿನಿಮಾದಲ್ಲಿ ಸೈನಿಕ ಅಂದರೆ ಒಂದೋ ಬಡಪಾಯಿ, ಇಲ್ಲಾ ಟ್ಯಾಂಕ್ ಒಳಗೆ ಹಾಡು ಹಾಕಿಕೊಂಡು ಗುಂಡು ಹಾರಿಸೋ ಹುಚ್ಚ. ನಡುವೆ ಇರೋರು ಎಲ್ಲಿ?

ಇನ್ನೊಂದು. ಸಂಸದರನ್ನ ರಸ್ತೆಯಲ್ಲಿ ತಡೆದು ‘ನಿಮ್ಮ ಮಕ್ಕಳನ್ನ ಇರಾಕ್‌ಗೆ ಕಳಿಸಿ’ ಅಂತ ಫಾರ್ಮ್ ಹಿಡಿಯೋ ದೃಶ್ಯ. ಮಿನೆಸೋಟದ ಸಂಸದ ಮಾರ್ಕ್ ಕೆನಡಿ ತಬ್ಬಿಬ್ಬಾದ ಹಾಗೆ ಕಾಣ್ತಾರೆ. ನನ್ನ ಅಣ್ಣನ ಮಗನೋ ಅಕ್ಕನ ಮಗನೋ ಅಫ್ಘಾನಿಸ್ತಾನಕ್ಕೆ ಹೊರಟಿದ್ದಾನೆ ಅಂತ ಅವರು ಕೊಟ್ಟ ಉತ್ತರವನ್ನೇ ಕತ್ತರಿಸಿದ್ದರು. ಅಪ್ಪ ಹೇಳಿದ ಅಂತ ಹದಿನೆಂಟು ತುಂಬಿದ ಮಗನನ್ನ ಸೈನ್ಯಕ್ಕೆ ಸೇರಿಸೋಕೂ ಆಗಲ್ಲ. ನಗಿಸೋಕೆ ಚೆನ್ನಾಗಿದೆ, ನ್ಯಾಯ ಅಲ್ಲ.

ಬೆಳಗಾವಿ_ಕುಂದಾ

ಕೆನಡಿ ವಿಷಯ ಒಪ್ಪಿದೆ. ಆದರೆ ಮಾಲ್ ದೃಶ್ಯ ಹಾಗಲ್ಲ ಕಾಫಿ ಅವರೇ. ಆ ಮರೀನ್‌ಗಳು ಕ್ಯಾಮೆರಾ ಮುಂದೇನೇ ಹಾಗೆ ಮಾತಾಡಿದ್ದು.

ಮಲೆನಾಡ_ಜಿಗಣೆ

ಅಮೆರಿಕದ ಕಥೆ ಸಾಕು. ಅದೇ 2004ರಲ್ಲಿ ನಮ್ಮಲ್ಲೇನಾಯ್ತು? ಮುಂಬೈ ಚಿತ್ರೋತ್ಸವದಲ್ಲಿ ಜಾಗ ಸಿಗದ ಸಾಕ್ಷ್ಯಚಿತ್ರಗಳನ್ನ ನಿರ್ದೇಶಕರೇ ಸೇರಿಕೊಂಡು ‘ವಿಕಲ್ಪ’ ಅಂತ ಪರ್ಯಾಯ ಉತ್ಸವ ಮಾಡಿ ತೋರಿಸಿದರು. ರಾಕೇಶ್ ಶರ್ಮ ಅವರ ‘ಫೈನಲ್ ಸೊಲ್ಯೂಷನ್’ಗೆ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಡಲ್ಲ ಅಂತು, ಅಕ್ಟೋಬರ್‌ನಲ್ಲಿ ಒಪ್ಪಿತು. ಅದಕ್ಕೂ ಮುಂಚೆ ಆನಂದ್ ಪಟವರ್ಧನ್ ಸಿನಿಮಾಗೆ ಕತ್ತರಿ ಬೇಡ ಅಂತ ಬಾಂಬೆ ಹೈಕೋರ್ಟ್ ಹೇಳಬೇಕಾಯಿತು. ಮೂರ್‌ಗೆ ಬಿಡುಗಡೆ ಮಾಡೋ ಕಂಪನಿ ಕೈ ಕೊಟ್ಟಿತು, ಅಷ್ಟೇ. ಸರ್ಕಾರ ತಡೆಯಲಿಲ್ಲ. ಅಮೆರಿಕದಲ್ಲಿ ಸಿನಿಮಾ ಸರಿನಾ ತಪ್ಪಾ ಅಂತ ಜಗಳ. ನಮ್ಮಲ್ಲಿ ನೋಡಬಹುದಾ ಬೇಡವಾ ಅಂತಲೇ ಜಗಳ ಮುಗಿಯಲ್ಲ.

ಮೆಣಸಿನಕಾಯಿ_ಬಜ್ಜಿ

ಬಂತು ನೋಡಿ. ಈಗ ಯಾವ ಪಕ್ಷದ ಕಾಲದಲ್ಲಿ ಯಾವ ಸಿನಿಮಾ ಅಂತ ಪಟ್ಟಿ ಶುರು. ನನ್ನ ಹತ್ತಿರಾನೂ ಒಂದು ಪಟ್ಟಿ ಇದೆ, ತೆಗೀಲಾ?

ನಿರ್ವಾಹಕ

ಬೇಡ. ಇಬ್ಬರ ಮುಂದಿನ ಹದಿನಾರು ಕಾಮೆಂಟ್ ತೆಗೆದಿದ್ದೇನೆ. ಎಲೆಕ್ಷನ್ ಮಾತಾಡೋಕೆ ಬೇರೆ ಚರ್ಚೆ ಇದೆ, ಅಲ್ಲಿ ಒಬ್ಬರಿಗೊಬ್ಬರು ಬೇಕಾದಷ್ಟು ಅರೆಯಿರಿ. ಇಲ್ಲಿ ಮೂರ್.

ಕಪ್ಪುಕೋಟು

ತಡವಾಗಿ ಬಂದೆ, ಕೋರ್ಟ್ ಇತ್ತು. ಸಿನಿಮಾದಿಂದ ಏನೂ ಆಗಲಿಲ್ಲ, ಬುಶ್ ಗೆದ್ದರು, ಮುಗೀತು ಅಂತ ಯಾರಾದರೂ ಹೇಳೋ ಮುಂಚೆ ಒಂದು ಕಥೆ ಕೇಳಿ. ನನಗೆ ಇದು ಸಿನಿಮಾಗಿಂತ ರೋಚಕ.

ಎಲೆಕ್ಷನ್ ಹತ್ತಿರ ಬಂದಾಗ ಅಭ್ಯರ್ಥಿಯ ಹೆಸರೆತ್ತಿ ಕಂಪನಿ ದುಡ್ಡಲ್ಲಿ ಟೀವಿ ಜಾಹೀರಾತು ಕೊಡಬಾರದು ಅಂತ ಅಮೆರಿಕದಲ್ಲಿ 2002ರ ಕಾನೂನು ಇತ್ತು. ಡೇವಿಡ್ ಬೋಸಿ ಅನ್ನೋ ರಿಪಬ್ಲಿಕನ್ ಕಡೆಯವರು, ಅವರ ಸಂಸ್ಥೆ ‘ಸಿಟಿಜನ್ಸ್ ಯುನೈಟೆಡ್’. ಫ್ಯಾರನ್‌ಹೀಟ್ ಜಾಹೀರಾತಿನಲ್ಲಿ ಬುಶ್ ಕಾಣಿಸ್ತಾರೆ, ಅದು ಈ ಕಾನೂನು ಮುರಿದ ಹಾಗೆ ಅಂತ ಅಲ್ಲಿನ ಚುನಾವಣಾ ಆಯೋಗಕ್ಕೆ ದೂರು ಕೊಟ್ಟರು. ಆಯೋಗ ದೂರು ತಳ್ಳಿಹಾಕಿತು.

ಬೋಸಿ ಏನು ಮಾಡಿದರು ಗೊತ್ತಾ? ಹಾಗಾದರೆ ನಾವೂ ಸಿನಿಮಾ ಮಾಡೋಣ ಅಂದರು. ಮೊದಲು ಮೂರ್‌ಗೆ ಉತ್ತರವಾಗಿ ‘ಸೆಲ್ಸಿಯಸ್ 41.11’. ಆಮೇಲೆ 2008ಕ್ಕೆ ಹಿಲರಿ ಕ್ಲಿಂಟನ್ ವಿರುದ್ಧ ಇನ್ನೊಂದು. ಅದಕ್ಕೆ ಅದೇ ಕಾನೂನು ಅಡ್ಡ ಬಂತು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 2010ರ ಜನವರಿಯಲ್ಲಿ ಐದಕ್ಕೆ ನಾಲ್ಕು ಮತದಲ್ಲಿ ತೀರ್ಪು ಬೋಸಿ ಕಡೆ. ಕಂಪನಿಗಳು, ಯೂನಿಯನ್‌ಗಳು ಎಲೆಕ್ಷನ್ ಪ್ರಚಾರಕ್ಕೆ ತಾವೇ ಬೇಕಾದಷ್ಟು ದುಡ್ಡು ಸುರಿಯಬಹುದು, ಅಭ್ಯರ್ಥಿ ಕೈಗೆ ನೇರವಾಗಿ ಕೊಡದಿದ್ದರೆ ಸಾಕು ಅಂತ ಆಯಿತು. 2016ರಲ್ಲಿ ಬೋಸಿ ಟ್ರಂಪ್ ಪ್ರಚಾರದ ಉಪ ಮ್ಯಾನೇಜರ್.

ಮೂರ್ ಹಚ್ಚಿದ ದೀಪದಲ್ಲಿ ಎದುರಾಳಿ ದಾರಿ ನೋಡಿಕೊಂಡ. ಸಿನಿಮಾ ಮತ ಬದಲಾಯಿಸಿತೋ ಇಲ್ಲವೋ, ಕಾನೂನು ಬದಲಾಗೋ ಜಗಳಕ್ಕೆ ಒಂದು ಕಿಡಿ ಅಂತೂ ಹೌದು.

ಪುಟ_ಕಟ್ಟುವವ

ವಕೀಲರೇ, ಇದನ್ನ ನಾಳೆ ನಮ್ಮ ಸಂಪಾದಕೀಯ ಪುಟಕ್ಕೆ ಬರೆದುಕೊಡಿ. ಸುದ್ದಿ ಪುಟದಲ್ಲಿ ಹಾಕಲ್ಲ, ಆಣೆ.

ಬೋಂಡ_ಸೂಪು

ಮೂರ್ ಟ್ರಂಪ್ ಮೇಲೂ ಮಾಡಿದರಲ್ವಾ? ಓಡಿತಾ?

ಮಿಶಿಗನ್_ಮೈಸೂರು

2018ರಲ್ಲಿ, ಅಂಕಿ ತಿರುಗಿಸಿ ‘ಫ್ಯಾರನ್‌ಹೀಟ್ 11/9’. ಓಡಲಿಲ್ಲ, ಅಮೆರಿಕದಲ್ಲಿ ಕೋಟಿ ಡಾಲರ್ ಕೂಡ ಮುಟ್ಟಲಿಲ್ಲ. ಆದರೆ ನನಗೆ ಅದೇ ಇಷ್ಟ. ಫ್ಲಿಂಟ್ ನಲ್ಲಿಯಲ್ಲಿ ಸೀಸದ ವಿಷ ಬಂದ ಕಥೆ ಅದರಲ್ಲಿದೆ. ಒಬಾಮಾ ಬಂದು ಒಂದು ಗ್ಲಾಸ್ ನೀರು ತುಟಿಗೆ ಮುಟ್ಟಿಸಿ ಇಟ್ಟಾಗ, ಅವರನ್ನೇ ನಂಬಿದ್ದ ಜನರ ಮುಖ ನೋಡಬೇಕು. ಅಲ್ಲಿ ಮೂರ್ ತನ್ನ ಕಡೆಯವರನ್ನೂ ಬಿಡಲಿಲ್ಲ. ಅದಕ್ಕೇ ಓಡಲಿಲ್ಲವೇನೋ.

ಮೆಣಸಿನಕಾಯಿ_ಬಜ್ಜಿ

ಅದನ್ನ ನೋಡ್ತೀನಿ. ಇದು ನನ್ನ ಸೋಲು ಅಂತ ತಿಳೀಬೇಡಿ.

ಹಳೇ_ಡಿವಿಡಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳು ಲ್ಯಾಪ್‌ಟಾಪ್‌ನಲ್ಲಿ ಒಳ್ಳೆ ಪ್ರಿಂಟ್ ಬಾಡಿಗೆಗೆ ಹಾಕಿದಳು. ಚಿತ್ರ ಸ್ವಚ್ಛ, ಸದ್ದು ಸ್ವಚ್ಛ. ಅಡ್ಡ ಬರೋ ತಲೆ ಇಲ್ಲ, ನಗೋರೂ ಇಲ್ಲ.

ಬಾಚಣಿಗೆ ದೃಶ್ಯ ಬಂತು. ಆಸಾಮಿ ಬಾಚಣಿಗೆ ಬಾಯಿಗೆ ಹಾಕಿದ, ತೆಗೆದ, ಬಾಚಿದ. ಕೂದಲು ನಿಲ್ಲಲಿಲ್ಲ. ಅಂಗೈಗೆ ಉಗುಳಿಕೊಂಡು ಮತ್ತೆ ಸವರಿದ. ನಾವಿಬ್ಬರೂ ನಗಲಿಲ್ಲ. ಮಗಳು, ‘ಪಾಪ, ವಯಸ್ಸಾದೋರು, ಕೂದಲು ಕೂರ್ತಿಲ್ಲ ಅಷ್ಟೇ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೂ ಯುದ್ಧ ಮಾಡ್ಸಿದ್ದು ಇವ್ರೇ ಅಲ್ವಾ?’ ಅಂದಳು. ಹೂಂ ಅಂದೆ.

ಕತ್ತರಿ_ಕೆಲಸ

ಸಾರ್, ಆ ಕದ್ದ ಪ್ರಿಂಟ್ ಬಿಸಾಡಬೇಡಿ. ಎಡಿಟಿಂಗ್ ಕಲಿಯೋ ಹುಡುಗರಿಗೆ ಎರಡನ್ನೂ ಪಕ್ಕ ಪಕ್ಕ ತೋರಿಸಬೇಕು. ಒಂದು ಕಾಪಿ ಕೊಡ್ತೀರಾ?

ಹಳೇ_ಡಿವಿಡಿ

ಕೊಡ್ತೀನಿ. ಒಂದು ಗಂಟೆ ಹತ್ತು ನಿಮಿಷಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ. ತೆಗೆದು, ಬನಿಯನ್‌ನಲ್ಲಿ ಒರೆಸಿ ಮತ್ತೆ ಹಾಕಬೇಕು.